ದೊಡ್ಡ ತುಂಡು

ಚರ್ಚಿನಲ್ಲಿ ಕರ್ತನ ಭೋಜನದ ತಟ್ಟೆ ಕೊನೆಯ ಬೆಂಚಿನ ತುದಿಗೆ ಬರುವಷ್ಟರಲ್ಲಿ, ಯೇಸುವಿನ ನೆನಪಿಗೆ ಹಂಚುವ ರೊಟ್ಟಿಯ ಮೂರು ತುಂಡುಗಳು ಅದರಲ್ಲಿ ಉಳಿದಿದ್ದವು. ಎರಡು ಚಿಕ್ಕವು, ಒಂದು ದೊಡ್ಡದು. ಟೈಲರಮ್ಮ ತಟ್ಟೆಯನ್ನು ಪಕ್ಕದಲ್ಲಿ ಕೂತ ತಮ್ಮನ ಮುಂದೆ ಹಿಡಿದಳು. ಅವನು ಕಣ್ಣು ಮುಚ್ಚಿಕೊಂಡು, ತುಟಿಯಲ್ಲೇ ಏನೋ ಸ್ತೋತ್ರ ಗುನುಗುತ್ತ, ಬೆರಳನ್ನು ತಟ್ಟೆಯ ಮೇಲೆ ಒಂದು ಸುತ್ತು ಆಡಿಸಿ, ಆ ದೊಡ್ಡದನ್ನೇ ಎತ್ತಿಕೊಂಡ.

ಕಣ್ಣು ಮುಚ್ಚಿದವನ ಬೆರಳಿಗೆ ಕಣ್ಣಿತ್ತೇನೋ! ಇಂಥ ಗಳಿಗೆಯಲ್ಲಿ ಇಂಥದ್ದನ್ನೆಲ್ಲ ನೋಡಬಾರದು ಎಂದು ಟೈಲರಮ್ಮನಿಗೂ ಗೊತ್ತು. ಆದರೆ ಮೂವತ್ತು ವರ್ಷ ಅಳತೆಪಟ್ಟಿ ಹಿಡಿದ ಕಣ್ಣು, ಬೇಡವೆಂದರೂ ಅರ್ಧ ಅಂಗುಲದ ವ್ಯತ್ಯಾಸ ಕಾಣುತ್ತದೆ. ಮೈಯೆಲ್ಲ ಉರಿದು ಹೋಯಿತು. ಉರಿ ತಣಿಸಿಕೊಳ್ಳೋಣ ಎಂದು ತಲೆಯೆತ್ತಿದರೆ ಮೇಲೆ ಫ್ಯಾನು. ಅದು ಇನ್ನೊಂದು ಉರಿ.

ತಟ್ಟೆ ಹಂಚುವಾಗ ಸದ್ದಾಗಬಾರದೆಂದು ಫ್ಯಾನುಗಳನ್ನು ನಿಲ್ಲಿಸುವುದು ಈ ಸಭೆಯ ರೂಢಿ. ನಿಂತ ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ತಮ್ಮನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ, ಚೆನ್ನಾಗಿ ಓದಲು ಬರುತ್ತಿತ್ತು. ಅದರ ಕೆಳಗೆ ‘ಕಾಣಿಕೆ’ ಎಂದು ಬೇರೆ. ಅಂಥ ಫ್ಯಾನು ಒಂದಲ್ಲ, ಆರು. ಸಿಟ್ಟು ಬಂತೆಂದು ಬೆಂಚು ಬದಲಾಯಿಸಿದರೂ ಪ್ರಯೋಜನವಿಲ್ಲ, ಎಲ್ಲಿ ಕೂತರೂ ತಲೆಯ ಮೇಲೆ ಅವನೇ.

ಮೂರು ವರ್ಷದ ಹಿಂದೆ ತಮ್ಮ ಅವಳ ಹತ್ತಿರ ಮೂರು ಲಕ್ಷ ಸಾಲ ತಗೊಂಡಿದ್ದ. ಅವನು ಫ್ರಿಜ್ಜು, ವಾಷಿಂಗ್ ಮಶೀನು ರಿಪೇರಿ ಮಾಡುವವನು. ಹಳೆಯದೊಂದು ವ್ಯಾನು ಸಿಕ್ಕರೆ ಫ್ರಿಜ್ಜುಗಳನ್ನು ತಾನೇ ತಂದು ತಾನೇ ತಲುಪಿಸಬಹುದು, ಒಂದೂವರೆ ವರ್ಷದಲ್ಲಿ ಪೂರ್ತಿ ತೀರಿಸುತ್ತೇನೆ ಅಂದ. ಕೊಟ್ಟಳು. ಅವನು ಮಾಡಿದ ಮೊದಲ ಕೆಲಸವೇನು? ಕೈಗೆ ಬಂದದ್ದು ಆಶೀರ್ವಾದವಲ್ಲವೇ, ಅದರಲ್ಲಿ ಹತ್ತರ ಒಂದು ಪಾಲು ದೇವರದ್ದು ಎಂದು, ಸಾಲದ ದುಡ್ಡಿನಲ್ಲೇ ಮೂವತ್ತು ಸಾವಿರ ತೆಗೆದು ಸಭೆಗೆ ದಶಾಂಶ ಕೊಟ್ಟ! ವ್ಯಾನಿಗೆ ಕಡಿಮೆ ಬಿದ್ದದ್ದಕ್ಕೆ ಇನ್ಯಾರದೋ ಹತ್ತಿರ ಕೈಗಡ ತಗೊಂಡ. ಆ ದಶಾಂಶದ ದುಡ್ಡಿನಲ್ಲಿ ಫ್ಯಾನು ಹಾಕಿದ ದಿನ ಪಾಸ್ಟರು ವೇದಿಕೆಯಿಂದ ಅವನನ್ನು ಹೊಗಳಿದಾಗ ಸಭೆಯೆಲ್ಲ ಅವನ ಕಡೆ ತಿರುಗಿ ಮುಗುಳ್ನಕ್ಕಿತು. ಟೈಲರಮ್ಮ ಕೂತಲ್ಲೇ ಲೆಕ್ಕ ಹಾಕಿ, ಒಂದೊಂದು ಫ್ಯಾನಿಗೆ ತನ್ನ ಎಷ್ಟು ಪ್ಯಾಂಟುಗಳ ಹೊಲಿಗೆ ಹೋಯಿತು ಎಂದು ನೋಡಿ, ಬಾಯಿ ಮುಚ್ಚಿಕೊಂಡಳು. ದೇವರಿಗೆ ಕೊಟ್ಟದ್ದನ್ನು ವಾಪಸು ಕೇಳಲು ಬರುತ್ತದೆಯೇ?

ಇಷ್ಟು ದಿನ ಹೇಗೋ ನುಂಗಿಕೊಂಡಿದ್ದಳು. ನಿನ್ನೆ ಶನಿವಾರ ಅಂಗಡಿಯ ಮಾಲೀಕ ಬಂದು ಹೊಸ ಕರಾರಿನ ಮಾತೆತ್ತಿದ ಮೇಲೆ ನುಂಗಲು ಆಗುತ್ತಿಲ್ಲ. ತಿಂಗಳ ಕೊನೆಯೊಳಗೆ ಮೂರು ಲಕ್ಷ ಮುಂಗಡ ಕೊಟ್ಟರೆ ಇನ್ನು ಹತ್ತು ವರ್ಷ ಅಂಗಡಿ ಅವಳದ್ದು. ಇಲ್ಲವಾದರೆ ಫೋನಿನ ಕವರು ಮಾರುವವನೊಬ್ಬ ದುಡ್ಡು ಹಿಡಿದುಕೊಂಡು ನಿಂತಿದ್ದಾನೆ. ಮೂರು ಹೆಜ್ಜೆ ಅಗಲ, ನಾಲ್ಕು ಹೆಜ್ಜೆ ಉದ್ದದ ಕೋಣೆ ಅದು. ಒಂದು ಕಾಲುಮಶೀನು, ಕತ್ತರಿಸುವ ಮೇಜು, ಬಟ್ಟೆ ಹಾಕಿಕೊಂಡು ನೋಡಲು ಒಂದು ಪರದೆ, ಯಾರೂ ಬಿಡಿಸಿಕೊಳ್ಳದ ಬಟ್ಟೆಗಳದೊಂದು ಗಂಟು. ಇಪ್ಪತ್ತೆರಡು ವರ್ಷದಿಂದ ಅವಳ ಮನೆಯ ಅನ್ನ ಅಲ್ಲಿಂದ ಬಂದಿದೆ. ಮನೆಯಲ್ಲೇ ಹೊಲಿಯೋಣವೆಂದರೆ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಪ್ಯಾಂಟಿನ ಅಂಚು ಮಡಿಸಲು ಐವತ್ತೆಂಟು ಮೆಟ್ಟಿಲು ಹತ್ತಿ ಯಾವ ಗಿರಾಕಿ ಬರುತ್ತಾನೆ?

ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ಕೈ ಕುಲುಕುತ್ತಿದ್ದಾಗ ತಮ್ಮನನ್ನು ಗೋಡೆಯ ಪಕ್ಕಕ್ಕೆ ಕರೆದಳು. ವಿಷಯವೆಲ್ಲ ಹೇಳಿದಳು. ಅವನು ಕೈಯಲ್ಲಿದ್ದ ವ್ಯಾನಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಕೇಳಿಸಿಕೊಂಡ.

“ಆಗುತ್ತೆ ಅಕ್ಕ. ನಾಳೆ ಬಂದು ಕೂತು ಮಾತಾಡ್ತೀನಿ.”

“ನಾಳೆ ಅನ್ನೋ ಮಾತು ಬಿಟ್ಟು ಬೇರೆ ಏನಾದ್ರೂ ಬರುತ್ತೇನೋ ನಿನ್ನ ಬಾಯಲ್ಲಿ?”

“ಕೋಪ ಮಾಡ್ಕೋಬೇಡ. ನೀನೇ ಅವತ್ತು ಪ್ರಾರ್ಥನೆ ಮಾಡಿದ್ಯಲ್ಲ ಅಕ್ಕ. ದುಡ್ಡು ವಾಪಸ್ ಬಂದ್ರೂ ಸರಿ, ಬಾರದಿದ್ರೂ ಸರಿ, ನನ್ನ ಮನಸ್ಸಲ್ಲಿ ಕಹಿ ಬರದೇ ಇರ್ಲಿ ಕರ್ತನೇ ಅಂತ. ನಾನು ದಿನಾ ಅದನ್ನ ನೆನೆಸ್ಕೊಳ್ತೀನಿ, ಗೊತ್ತಾ? ನಮ್ಮಕ್ಕನ ಮನಸ್ಸು ಎಂಥದ್ದು ಅಂತ.”

“ಬಾರದಿದ್ರೂ ಅಂತ ಅಂದೆ ಕಣೋ. ಕೊಡಬೇಡ ಅಂತ ಅಂದೆನಾ?”

ಅವನು ನೊಂದವನ ಹಾಗೆ ಅವಳ ಮುಖ ನೋಡಿದ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸುವ ಸಂಗತಿ. ಮೋಸಗಾರನಾಗಿದ್ದರೆ ಉಗಿದು ಬಿಡಬಹುದಿತ್ತು. ಇವನು ನಿಜವಾಗಿಯೂ ಆ ಪ್ರಾರ್ಥನೆಯನ್ನು ನಂಬಿಕೊಂಡು ಕೂತಿದ್ದ.

ಪ್ರಾರ್ಥನೆ ಮಾಡಿದ್ದು ಸುಳ್ಳಲ್ಲ. ದುಡ್ಡು ಕೊಟ್ಟದ್ದು ತನ್ನ ಮನೆಯ ಪ್ರಾರ್ಥನಾ ಕೂಟದಲ್ಲಿ, ಹತ್ತಾರು ಜನರ ಎದುರಿಗೆ. ಒಂದು ಕಾಗದ ಬರೆಸಿಕೊಳ್ಳೋಣ ಎಂದು ಗಂಡ ಹೇಳಿದ್ದ. “ಒಡಹುಟ್ಟಿದವರ ಮಧ್ಯೆ ಕಾಗದ ಏನ್ರೀ? ಮೇಲೆ ಒಬ್ಬ ಸಾಕ್ಷಿ ಇದಾನಲ್ಲ, ಸಾಲದಾ?” ಎಂದು ಅವನ ಬಾಯಿ ಮುಚ್ಚಿಸಿದ್ದಳು. ಕಂದು ಕವರನ್ನು ಟೀಪಾಯಿಯ ಮೇಲಿಟ್ಟು, ಅದರ ಮೇಲೆ ಕೈಯಿಟ್ಟು, ಎಲ್ಲರ ‘ಆಮೆನ್’ಗಳ ಅಮಲಿನಲ್ಲಿ ಆ ಮಾತು ಬಾಯಿಂದ ಹೊರಬಿದ್ದಿತ್ತು. ಅವತ್ತು ಎಲ್ಲರೂ ಹೋದ ಮೇಲೆ ಗಂಡ ಹೇಳಿದ: “ಆ ಮಾತನ್ನ ಮನಸ್ಸಿನಲ್ಲೇ ಹೇಳ್ಕೋಬಹುದಿತ್ತು. ದೇವರಿಗೆ ಹೇಗೂ ಕೇಳಿಸ್ತಿತ್ತು. ನಿನ್ನ ತಮ್ಮನಿಗೆ ಕೇಳಿಸ್ತಿರಲಿಲ್ಲ.”

ಗಂಡ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಜೀವನವಿಡೀ ಚಿಲ್ಲರೆಗೆ ಜಗಳವಾಡಿದ ಬಾಯಿ, ಸುಮ್ಮನಿರುವುದಿಲ್ಲ. ಬಾವಮೈದನಿಗೆ ‘ನಾಳೆಪ್ಪ’ ಎಂದು ಹೆಸರಿಟ್ಟವನೂ ಅವನೇ. ಈಗ ಗಿರಾಕಿಗಳೂ ಹಾಗೇ ಕರೆಯುತ್ತಾರೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಮುಖ ನೋಡಿದವನೇ, “ಏನಂತೆ ನಾಳೆಪ್ಪ?” ಅಂದ.

“ನನ್ನ ಪ್ರಾರ್ಥನೆ ನನಗೇ ಓದಿ ಹೇಳಿದ.”

“ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಸುಮ್ನೆ ಹೇಳ್ತಾರಾ ದೊಡ್ಡೋರು?”

“ಸಾಕು ಸುಮ್ನಿರಿ. ನಿಮ್ಮ ಪೆನ್ಶನ್ ದುಡ್ಡಲ್ಲಿ ಮುಂಗಡ ಬರುತ್ತಾ ಹೇಳಿ.”

ಕಂಡಕ್ಟರು ತಟ್ಟೆಯ ಅನ್ನ ಕಲಸತೊಡಗಿದ. ಬೇರೆ ಕಡೆ ಸಾಲ ತರೋಣವೆಂದು ಅವನೂ ಹೇಳಲಿಲ್ಲ. ಸಾಲ ತಗೊಂಡವನು ಕೊಟ್ಟವನ ಆಳು ಎಂದು ಅವಳ ಅಪ್ಪ ಮಕ್ಕಳಿಗೆ ದಿನಾ ಬೆಳಿಗ್ಗೆ ಹೇಳಿ ಬೆಳೆಸಿದ್ದ. ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ ಆ ಪಾಠ ಅತಿಯಾಗಿ ಹತ್ತಿತ್ತು, ಇನ್ನೊಬ್ಬನಿಗೆ ಅಂಟಿರಲೇ ಇಲ್ಲ. ಅಂಗಡಿ ಹೋದರೂ ಸರಿ, ಅವಳು ಯಾರ ಮುಂದೆಯೂ ಕೈ ಚಾಚುವವಳಲ್ಲ.

ನಾಳೆ ಬರುತ್ತೇನೆ ಎಂದವನು ಸೋಮವಾರ ಬರಲಿಲ್ಲ, ಮಂಗಳವಾರವೂ ಇಲ್ಲ. ಫೋನು ಮಾಡಿದರೆ ಯಾರದೋ ಫ್ರಿಜ್ಜಿನ ಹಿಂದೆ ತಲೆ ತೂರಿಸಿಕೊಂಡಿದ್ದೇನೆ ಅನ್ನುವುದು. ಎರಡು ವಾರ ಹೀಗೇ ಕಳೆಯಿತು. ಒಂದು ಸಂಜೆ ಅಂಗಡಿಗೆ ಬಂದ. ಬಂದವನು ದುಡ್ಡಿನ ಸುದ್ದಿ ಬಿಟ್ಟು ಉಳಿದದ್ದೆಲ್ಲ ಮಾತಾಡಿದ, ಮಶೀನಿನ ಪೆಡಲಿಗೆ ಎಣ್ಣೆ ಬಿಟ್ಟ, ಇಸ್ತ್ರಿಪೆಟ್ಟಿಗೆಯ ಸಡಿಲವಾದ ವೈರು ಬಿಗಿ ಮಾಡಿದ. ವ್ಯಾನಿನ ಕೀಲಿ ಮೇಜಿನ ಮೇಲೆ ಬಟ್ಟೆಗಳ ಮಧ್ಯೆ ಕೂತಿತ್ತು.

“ವ್ಯಾನೆಲ್ಲೋ?” ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು.

“ತಿರುವಿನಲ್ಲಿ ನಿಲ್ಲಿಸಿದೀನಿ ಅಕ್ಕ. ಈ ಗಲ್ಲಿಯೊಳಗೆ ತಿರುಗಿಸೋಕೆ ಆಗಲ್ಲ.”

“ಅದನ್ನ ಮಾರಾದ್ರೂ ಕೊಡು. ಇನ್ನು ಹನ್ನೆರಡು ದಿನ ಇದೆ.”

“ಕೊಡ್ತೀನಿ ಅಕ್ಕ. ಏನಾದ್ರೂ ಮಾಡ್ತೀನಿ. ನಾಳೆ...”

ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಇದ್ದರೆ ನುಂಗಿಬಿಡುವ ಭಯ. ಅವನು ಹೋದ ಮೇಲೆ ಸೀಮೆಸುಣ್ಣ ತಗೊಂಡು ಮೇಜಿನ ಮೇಲೆ ಹನ್ನೆರಡು ಗೀಟು ಎಳೆದಳು. ಅವತ್ತೇ ಅವಳು ಒಂದು ತೀರ್ಮಾನಕ್ಕೆ ಬಂದದ್ದು. ಪ್ರಾರ್ಥನೆಯಿಂದ ಕಟ್ಟಿಕೊಂಡ ಗಂಟನ್ನು ಪ್ರಾರ್ಥನೆಯಿಂದಲೇ ಬಿಚ್ಚಬೇಕು.

ಶುಕ್ರವಾರ ಸಂಜೆಯ ಪ್ರಾರ್ಥನಾ ಕೂಟ ಆ ವಾರ ಅವಳ ಮನೆಯಲ್ಲೇ ಇತ್ತು. ಹನ್ನೆರಡು ಜನ ಗೋಡೆಗೆ ಒರಗಿ ಸುತ್ತಲೂ ಕೂತಿದ್ದರು. ತಮ್ಮ, ಅವನ ಹೆಂಡತಿ ಕೂಡ. ಈ ಕೂಟದ ಪದ್ಧತಿಯೇನೆಂದರೆ, ಮೊದಲು ಒಬ್ಬೊಬ್ಬರೂ ತಮ್ಮ ಕಷ್ಟ ಹೇಳಬೇಕು. ನಿವೃತ್ತ ಶಾಲಾ ಶಿಕ್ಷಕಿ, ಎಲ್ಲರ ಬಾಯಲ್ಲಿ ‘ದೊಡ್ಡ ಮೇಡಂ’, ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಪ್ರತಿಯೊಬ್ಬರೂ ತನ್ನದನ್ನು ಬಿಟ್ಟು, ತನ್ನ ಎಡಗಡೆ ಕೂತವರ ಕಷ್ಟಕ್ಕಾಗಿ ಪ್ರಾರ್ಥಿಸಬೇಕು. ಟೈಲರಮ್ಮ ಎಲ್ಲರಿಗೂ ಚಾಪೆ ಹಾಸುತ್ತ, ತಮ್ಮನನ್ನು ತನ್ನ ಬಲಕ್ಕೇ ಕೂರಿಸಿಕೊಂಡಳು. ಅವನಿಗೆ ಏನೂ ಹೊಳೆಯಲಿಲ್ಲ. ಕೀಲಿಯನ್ನು ಟೀಪಾಯಿಯ ಮೇಲಿಟ್ಟು ಆರಾಮಾಗಿ ಕಾಲು ಮಡಿಸಿ ಕೂತ.

ಮಂಡಿನೋವು, ಮೊಮ್ಮಗಳ ಪರೀಕ್ಷೆ, ಬಾರದ ವೀಸಾ, ಕುಡಿಯುವ ಅಳಿಯ. ಎಲ್ಲ ಬರೆದಾಯಿತು. ಅವಳ ಸರದಿ ಬಂತು.

“ನನ್ನ ತಮ್ಮ ನನಗೆ ಕೊಡಬೇಕಾದ ಮೂರು ಲಕ್ಷ ಈ ತಿಂಗಳ ಕೊನೆಯೊಳಗೆ ಕೊಡೋ ಹಾಗೆ ಪ್ರಾರ್ಥನೆ ಮಾಡಿ. ಇಲ್ಲಾಂದ್ರೆ ನನ್ನ ಅಂಗಡಿ ಹೋಗುತ್ತೆ.”

ದೊಡ್ಡ ಮೇಡಂ ಅವರ ಪೆನ್ನು ನಿಂತಿತು. “ಕುಟುಂಬದ ವಿಷಯ ಅಂತ ಬರ್ಕೊಳ್ಳಲಾ ಅಮ್ಮ?”

“ಬೇಡ ಮೇಡಂ. ಮೂರು ಲಕ್ಷ ಅಂತಲೇ ಬರ್ಕೊಳ್ಳಿ.”

ಕಂಡಕ್ಟರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ತಮ್ಮನ ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಉಳಿದವರು ಎಷ್ಟು ಬೇಗ ಕಣ್ಣು ಮುಚ್ಚಿದರೆಂದರೆ, ಅಷ್ಟು ಭಕ್ತಿಯನ್ನು ಆ ಮನೆ ಹಿಂದೆಂದೂ ಕಂಡಿರಲಿಲ್ಲ. ಪ್ರಾರ್ಥನೆ ಸುತ್ತು ಹೊರಟಿತು. ಮಂಡಿನೋವು ಮುಗಿಯಿತು, ವೀಸಾ ಮುಗಿಯಿತು, ಅಳಿಯನೂ ಮುಗಿದ. ತಮ್ಮನ ಸರದಿ ಬಂದಾಗ ಟೈಲರಮ್ಮ ಒಂದು ಕಣ್ಣು ತೆರೆದು ನೋಡಿದಳು.

“ಕರ್ತನೇ,” ಅಂದ ಅವನು, ಎಂದಿನ ದೊಡ್ಡ ಧ್ವನಿಯಲ್ಲಿ. “ನಮ್ಮಕ್ಕನ ಅಂಗಡಿ ಉಳಿಸಿಕೊಡು. ನಿನ್ನ ಭಂಡಾರದಲ್ಲಿ ಏನಿಲ್ಲ ತಂದೆ? ಬೆಳ್ಳಿ ನಿನ್ನದು, ಬಂಗಾರ ನಿನ್ನದು. ನಿನ್ನ ಬಾಗಿಲು ತೆರೆದು, ಅವಳು ಕೇಳಿದ್ದಕ್ಕಿಂತ ಎರಡರಷ್ಟು...”

ಅಯ್ಯೋ ದೇವರೇ! ತನ್ನ ಜೇಬು ತೆರೆಯುವ ಬದಲು ಸ್ವರ್ಗದ ಬಾಗಿಲು ತೆರೆಸುತ್ತಿದ್ದಾನಲ್ಲ, ಊರ ದುಡ್ಡಿನಲ್ಲಿ ಯಜಮಾನಿಕೆ ಮಾಡುವ ಹಾಗೆ! ಎದ್ದು ಹೊರಗೆ ಹೋಗಿಬಿಡಲೇ ಅನ್ನಿಸಿತು ಅವಳಿಗೆ. ಅಷ್ಟರಲ್ಲಿ ಅವನ ಮಾತು ನಿಂತಿತು. “ಎರಡರಷ್ಟು...” ಎಂದು ಇನ್ನೊಮ್ಮೆ ಅಂದ. “ಅವಳ ತಮ್ಮ...” ಅಂದ. ಮುಂದೆ ಬರಲಿಲ್ಲ. ಎಲ್ಲರೂ ಆಮೆನ್ ಹೇಳಲು ಬಾಯಿ ಸಿದ್ಧ ಮಾಡಿಕೊಂಡು ಕಾದರು. ಆಮೆನ್ ಹೇಳುವಂಥದ್ದು ಏನೂ ಬರಲಿಲ್ಲ. ಅವನು ಎದ್ದ, ಯಾರದೋ ಕಾಲು ತುಳಿದ, ಬಾಗಿಲು ತೆಗೆದು ಮೆಟ್ಟಿಲಿಳಿದು ಹೋಗಿಬಿಟ್ಟ. ದೊಡ್ಡ ಮೇಡಂ ಆತುರಾತುರವಾಗಿ ತಾವೇ ಒಂದು ಪ್ರಾರ್ಥನೆ ಹೇಳಿ ಕೂಟ ಮುಗಿಸಿದರು. ಚಹಾ ಕುಡಿಯಲು ಒಬ್ಬರೂ ನಿಲ್ಲಲಿಲ್ಲ.

ತಮ್ಮನ ಹೆಂಡತಿ ಮಾತ್ರ ಉಳಿದು, ಅಡುಗೆಮನೆಯಲ್ಲಿ ಯಾರೂ ಕುಡಿಯದ ಚಹಾದ ಲೋಟಗಳನ್ನು ಒಂದೊಂದಾಗಿ ಸಿಂಕಿಗೆ ಬಗ್ಗಿಸುತ್ತಿದ್ದಳು. ಟೈಲರಮ್ಮ ಟೀಪಾಯಿಯ ಮೇಲಿದ್ದ ಕೀಲಿ ಹಿಡಿದುಕೊಂಡು ಒಳಗೆ ಬಂದಳು.

“ಕೀಲಿ ಇಲ್ಲೇ ಬಿಟ್ಟು ಹೋಗಿದಾನೆ ಮಹಾರಾಯ. ವ್ಯಾನು ಹೇಗೆ ತಗೊಂಡು ಹೋಗ್ತಾನಂತೆ? ತಗೊಂಡು ಓಡು, ಇನ್ನೂ ತಿರುವಿನಲ್ಲೇ ಇರ್ತಾನೆ.”

ತಮ್ಮನ ಹೆಂಡತಿ ಕದಲಲಿಲ್ಲ. “ವ್ಯಾನೇ ಇಲ್ಲ ಅತ್ತಿಗೆ,” ಅಂದಳು.

“ಇಲ್ಲ ಅಂದ್ರೆ?”

“ಹೋದ ವರ್ಷವೇ ಎಂಜಿನ್ ಹೋಯ್ತು. ರಿಪೇರಿಗೆ ಕೇಳಿದ ದುಡ್ಡು ವ್ಯಾನಿನ ಬೆಲೆಗಿಂತ ಜಾಸ್ತಿ. ಗುಜರಿಗೆ ಹಾಕಿದ್ವಿ. ಬಂದಿದ್ದು ಕೈಗಡ ತೀರಿಸೋಕೇ ಸಾಲದೆ ಹೋಯ್ತು. ಹನ್ನೊಂದು ತಿಂಗಳಾಯ್ತು ಅತ್ತಿಗೆ.” ಅವಳು ಕೊನೆಯ ಲೋಟವನ್ನೂ ಬಗ್ಗಿಸಿದಳು. “ಈಗ ಇವರ ಹತ್ರ ಕೆಲಸ ಕಲಿತ ಹುಡುಗ ಒಬ್ಬ ಅಂಗಡಿ ಇಟ್ಟಿದಾನಲ್ಲ, ಅಲ್ಲಿಗೇ ದಿನಗೂಲಿಗೆ ಹೋಗ್ತಾರೆ. ನಡ್ಕೊಂಡೇ ಹೋಗ್ತಾರೆ. ನಿಮಗೆ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ಕೀಲಿ ಜೇಬಲ್ಲಿ ಇದ್ರೆ ಅಕ್ಕನಿಗೆ ಧೈರ್ಯ ಇರುತ್ತೆ ಅಂತಾರೆ.”

ಅಕ್ಕನಿಗೆ ಧೈರ್ಯ! ಟೈಲರಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಹನ್ನೊಂದು ತಿಂಗಳು ತಿರುವಿನಲ್ಲಿ ನಿಲ್ಲಿಸಿದ್ದು ಯಾವ ವ್ಯಾನು? ಕನಿಕರ ಬರಬೇಕಿತ್ತು, ಬರಲಿಲ್ಲ. ಬಂದದ್ದು ಇನ್ನೂ ದೊಡ್ಡ ಸಿಟ್ಟು. ಇಲ್ಲವೆಂದು ಒಂದು ಮಾತು ಹೇಳಿದ್ದರೆ ಅಂದೇ ಅತ್ತು, ಬೈದು, ಮುಗಿಸಿರುತ್ತಿದ್ದಳು. ಇವನು ಅವಳ ಕೈಯಲ್ಲಿ ಹನ್ನೊಂದು ತಿಂಗಳು ಆಸೆ ಹಿಡಿಸಿ ಕೂರಿಸಿದ. ಮೇಲಿಂದ ಅವಳೇ ಹನ್ನೆರಡು ಜನರೆದುರು ಅವನ ಮಾನ ತೆಗೆದವಳು ಎಂದಾಯಿತು. ತಪ್ಪು ಅವನದ್ದು, ಈಗ ಮುಖ ತೋರಿಸಲು ಆಗದಿರುವುದು ಇವಳಿಗೆ. ಎಂಥ ನ್ಯಾಯ ಇದು?

ಅಂಗಡಿ ಹೋಗುವುದು ಖಚಿತವಾದ ಮೇಲೂ ಕೊನೆಯ ವಾರ ಕೆಲಸ ತುಂಬಾ ಇತ್ತು. ಪಾಸ್ಟರು ಒಂದು ದಿನ ಪ್ಯಾಂಟು ಗಿಡ್ಡ ಮಾಡಿಸುವ ನೆಪದಲ್ಲಿ ಬಂದರು. ಅವರು ಸ್ಟೂಲಿನ ಮೇಲೆ ನಿಂತರು, ಇವಳು ಕೆಳಗೆ ಕೂತು ಅಂಚಿಗೆ ಸೂಜಿ ಚುಚ್ಚತೊಡಗಿದಳು. ಸಭೆಯಲ್ಲಿ ಎಷ್ಟು ಎತ್ತರದಲ್ಲಿ ನಿಂತು ಮಾತಾಡುವ ಮನುಷ್ಯನಾದರೂ ಟೈಲರ ಮುಂದೆ ಅಲ್ಲಾಡದೆ ನಿಲ್ಲಲೇಬೇಕು.

“ಆ ಫ್ಯಾನುಗಳ ವಿಷಯ ನನಗೆ ಗೊತ್ತಿರಲಿಲ್ಲಮ್ಮ,” ಅಂದರು ಅವರು. “ಸಭೆಯ ಹಿರಿಯರ ಹತ್ರ ಮಾತಾಡಲಾ? ಬೇಕಿದ್ರೆ ಅವನ್ನ ಮಾರಿ...”

“ಬಿಡಿ ಪಾಸ್ಟರೇ. ಸೆಖೆ ಶುರುವಾಯ್ತು. ಸಭೆಯವರೆಲ್ಲ ನನಗೇ ಶಾಪ ಹಾಕ್ತಾರೆ.”

ಪಾಸ್ಟರು ಕೇಳಿದರು: “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ನೀವು ಅದನ್ನ ಸಾಲ ಅಂತ ಕೊಟ್ರಾ, ದಾನ ಅಂತ ಕೊಟ್ರಾ?”

ಅವಳು ಸೂಜಿ ಚುಚ್ಚುವುದನ್ನು ನಿಲ್ಲಿಸಿದಳು. “ಸಾಲ ಅಂತ ಕೊಟ್ಟೆ, ದಾನ ಅಂತ ಪ್ರಾರ್ಥನೆ ಮಾಡಿದೆ. ಅಲ್ಲೇ ಎಡವಟ್ಟಾಗಿದ್ದು.”

“ಈಗ ಎರಡರಲ್ಲಿ ಒಂದನ್ನ ಆರಿಸ್ಕೋಬೇಕಾಗುತ್ತೆ.”

“ಆರಿಸ್ಕೊಳ್ಳೋಕೆ ಏನು ಉಳಿದಿದೆ ಹೇಳಿ? ಸಾಲ ಅಂದ್ರೂ ಬರಲ್ಲ, ದಾನ ಅಂದ್ರೂ ಬರಲ್ಲ. ಎರಡಕ್ಕೂ ಒಂದೇ ಲೆಕ್ಕ.”

“ದುಡ್ಡಿಗೆ ಒಂದೇ ಲೆಕ್ಕ,” ಅಂದರು ಪಾಸ್ಟರು. “ತಮ್ಮನಿಗೆ ಬೇರೆ ಬೇರೆ.”

“ಇಳೀರಿ ಕೆಳಗೆ,” ಅಂದಳು ಟೈಲರಮ್ಮ. “ಶನಿವಾರ ಬಂದು ತಗೊಂಡು ಹೋಗಿ. ಭಾನುವಾರ ಆದ್ರೆ ಅಂಗಡಿ ಇರಲ್ಲ.”

ಶನಿವಾರ ಅಂಗಡಿ ಖಾಲಿ ಮಾಡಿದಳು. ಯಾರೂ ಬಿಡಿಸಿಕೊಳ್ಳದ ಬಟ್ಟೆಗಳ ಗಂಟನ್ನು ಹೊತ್ತುಕೊಂಡು, ದಾರಿಯಲ್ಲಿ ಇಬ್ಬರು ಗಿರಾಕಿಗಳ ಮನೆಗೆ ಹೊಲಿದ ಬಟ್ಟೆ ಕೊಟ್ಟು, ಐವತ್ತೆಂಟು ಮೆಟ್ಟಿಲು ಹತ್ತಿ ಮನೆಗೆ ಬಂದರೆ, ಮಶೀನು ಆಗಲೇ ಮುಂದಿನ ಕೋಣೆಯಲ್ಲಿ ಕೂತಿತ್ತು. ಕಬ್ಬಿಣದ ಸ್ಟ್ಯಾಂಡಿನ ಸಮೇತ.

“ಕೂಲಿಯವರು ಇಷ್ಟು ಬೇಗ ಬಂದ್ರಾ?”

“ಕೂಲಿಯವರಲ್ಲ, ನಿನ್ನ ತಮ್ಮ,” ಅಂದ ಕಂಡಕ್ಟರು. “ನಾನು ಬಾಡಿಗೆ ಗಾಡಿ ತರೋಕೆ ಹೋಗಿದ್ದೆ. ಅಷ್ಟರಲ್ಲಿ ಅವನೇ ಬೆನ್ನ ಮೇಲೆ ಹೊತ್ಕೊಂಡು ಬಂದಿದಾನೆ. ಒಂದು ಲೋಟ ನೀರು ಕೂಡ ಕುಡೀಲಿಲ್ಲ. ಬಡ್ಡಿಗೆ ಹಿಡ್ಕೊಳ್ಳೋಣ ಬಿಡು ಅಂದೆ. ನಗಲಿಲ್ಲ.”

ಕಂಡಕ್ಟರೂ ನಗುತ್ತಿರಲಿಲ್ಲ. ಟೈಲರಮ್ಮ ಮಶೀನಿನ ಹತ್ತಿರ ಹೋಗಿ ನೋಡಿದಳು. ಕಿಟಕಿ ಎಡಗಡೆ ಬರುವ ಹಾಗೆ ಇಟ್ಟಿದ್ದ. ಬೆಳಕು ಎಡದಿಂದ ಬಿದ್ದರೆ ಮಾತ್ರ ಅವಳಿಗೆ ಹೊಲಿಗೆ ಸರಿಯಾಗಿ ಕಾಣುವುದು, ಚಿಕ್ಕವಳಿದ್ದಾಗಿನಿಂದಲೂ ಹಾಗೇ. ಅದೆಲ್ಲ ನೆನಪಿದೆ ಇವನಿಗೆ! ನೆನಪಿರಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ ನೆನಪಿದೆ! ಅವಳು ಗಂಟನ್ನು ನೆಲಕ್ಕೆ ಎಸೆದು, ಆ ದಿನ ಮೊದಲ ಬಾರಿಗೆ ಅತ್ತಳು.

ಮಾರನೆಯ ದಿನ ತಿಂಗಳ ಮೊದಲ ಭಾನುವಾರ, ಮತ್ತೆ ಕರ್ತನ ಭೋಜನ. ಈ ಸಭೆಯಲ್ಲಿ ಭೋಜನದ ರೊಟ್ಟಿಯನ್ನು ಯಾರೂ ತಾವೇ ಎತ್ತಿಕೊಳ್ಳುವಂತಿಲ್ಲ. ಪಕ್ಕದವರು ತಟ್ಟೆ ಹಿಡಿಯಬೇಕು, ಆಗಷ್ಟೇ ತಗೊಳ್ಳಬೇಕು, ಆಮೇಲೆ ತಾನು ಇನ್ನೊಬ್ಬರಿಗೆ ಹಿಡಿಯಬೇಕು. ಸಭೆ ಕಟ್ಟಿದ ಹಳೆಯ ಪಾಸ್ಟರು ಮಾಡಿಟ್ಟ ನಿಯಮ. ಅದಕ್ಕೇ ಜಗಳವಾಡಿದವರು ಮೊದಲ ಭಾನುವಾರ ಬೆಂಚು ಬದಲಾಯಿಸುತ್ತಾರೆ. ಯಾರ ಮನೆಯಲ್ಲಿ ಏನಾಗಿದೆ ಎಂದು ತಿಳಿಯಲು ಹೆಂಗಸರಿಗೆ ಬೆಂಚುಗಳ ಕಡೆ ಒಮ್ಮೆ ಕಣ್ಣಾಡಿಸಿದರೆ ಸಾಕು. ಅವತ್ತು ಎಲ್ಲರ ಕಣ್ಣೂ ಬಾಗಿಲ ಪಕ್ಕದ ಕೊನೆಯ ಬೆಂಚಿನ ಮೇಲಿತ್ತು. ಕಂಡಕ್ಟರು, ಟೈಲರಮ್ಮ, ಆಮೇಲೆ ಒಬ್ಬರು ಕೂರುವಷ್ಟು ಖಾಲಿ ಜಾಗ.

ತಮ್ಮ ಬೇರೆ ಬೆಂಚಿನಲ್ಲೂ ಇರಲಿಲ್ಲ. ಅವನ ಹೆಂಡತಿ ಮಾತ್ರ ಮುಂದಿನ ಬೆಂಚೊಂದರಲ್ಲಿ ತಲೆ ತಗ್ಗಿಸಿ ಕೂತಿದ್ದಳು. ತೆರೆದ ಬಾಗಿಲಿನಿಂದ ಹೊರಗಿನ ಮೆಟ್ಟಿಲು ಕಾಣುತ್ತಿತ್ತು. ಚಪ್ಪಲಿಗಳ ಪಕ್ಕದಲ್ಲಿ ಒಂದು ಬೆನ್ನು. ಬೆನ್ನಿನ ಅಂಗಿಯ ಮೇಲೆ ಮಶೀನಿನ ಎಣ್ಣೆಯ ಕಲೆ.

ಫ್ಯಾನುಗಳನ್ನು ನಿಲ್ಲಿಸಿದರು. ತಟ್ಟೆ ಬೆಂಚಿನಿಂದ ಬೆಂಚಿಗೆ ಬಂದು ಕಂಡಕ್ಟರ ಕೈ ಸೇರಿತು. ಅವನು ತಗೊಂಡು, ಹೆಂಡತಿಯ ಮುಂದೆ ಹಿಡಿದ. ಎರಡು ತುಂಡು ಉಳಿದಿದ್ದವು. ಅವಳು ಎತ್ತಿಕೊಳ್ಳಲಿಲ್ಲ. ತಟ್ಟೆಯನ್ನೇ ಕೈಗೆ ತಗೊಂಡು ಬಲಗಡೆ ತಿರುಗಿದಳು. ಯಾರಿಗೆ ಹಿಡಿಯುವುದು? ಬೆಂಚಿನ ಹಲಗೆಗೆ ಹಿಡಿಯಬೇಕೇ? ದೊಡ್ಡ ಮೇಡಂ ತಿರುಗಿ ನೋಡಿದರು. ಪಾಸ್ಟರು ವೇದಿಕೆಯ ಮೇಲಿಂದ ಕಾಯುತ್ತಿದ್ದರು. ತೋಳು ನೋಯತೊಡಗಿತು. ಎಲ್ಲಿ ಹೋದರೂ ಇವನಿಂದ ತೊಂದರೆ ತಪ್ಪಿದ್ದಲ್ಲ, ಇದ್ದರೂ ತೊಂದರೆ, ಇಲ್ಲದಿದ್ದರೂ ತೊಂದರೆ!

ಟೈಲರಮ್ಮ ಎದ್ದಳು. ತಟ್ಟೆ ಹಿಡಿದುಕೊಂಡೇ ಬಾಗಿಲು ದಾಟಿ ಮೆಟ್ಟಿಲಿಗೆ ಹೋಗಿ ಅವನ ಮುಂದೆ ನಿಂತಳು. ಅವನು ಬೆಚ್ಚಿಬಿದ್ದು ತಲೆಯೆತ್ತಿದ.

“ತಗೋ.”

“ಬೇಡ ಅಕ್ಕ. ನಾನು ಹೇಗೆ...”

“ಕೇಳಿಲ್ಲಿ. ಅವತ್ತು ಸಾಲ ಅಂತ ಕೊಟ್ಟಿದ್ದೆ. ಇವತ್ತು ಕೊಟ್ಟುಬಿಟ್ಟಿದೀನಿ. ಮುಗೀತು. ನೀನು ನನಗೆ ಒಂದು ಪೈಸೆ ಕೊಡಬೇಕಾಗಿಲ್ಲ. ಮನಸ್ಸಲ್ಲಿ ಕಹಿ ಇಲ್ವಾ ಅಂದ್ರೆ ಬೇಕಾದಷ್ಟಿದೆ, 'ಇಲ್ಲ' ಅಂತ ಸುಳ್ಳು ಹೇಳಲ್ಲ. ಹೋಗೋವಾಗ ಹೋಗುತ್ತೆ. ಆದ್ರೆ ಇನ್ನು ಜನ್ಮದಲ್ಲಿ ನನ್ನ ಹತ್ರ ಸಾಲ ಕೇಳಬೇಡ. ಹಸಿವಾದ್ರೆ ಊಟಕ್ಕೆ ಬಾ, ಹಾಕ್ತೀನಿ. ದುಡ್ಡು ಕೇಳಿದ್ರೆ ಕೊಡಲ್ಲ.”

ಅವನ ಕೆನ್ನೆ ಒದ್ದೆಯಾಗಿತ್ತು. “ಅಕ್ಕ, ನಾಳೆ ನಾನು ಏನಾದ್ರೂ ಮಾಡಿ...”

“ನಾಳೆ ಅಂದ್ರೆ ಈ ತಟ್ಟೆ ತಲೆ ಮೇಲೆ ಹಾಕ್ತೀನಿ ನೋಡು. ತಗೋ, ಕೈ ನೋಯ್ತಾ ಇದೆ.”

ಅವನು ಅಂಗಿಗೆ ಕೈ ಒರೆಸಿಕೊಂಡ. ಈ ಸಲ ಕಣ್ಣು ಮುಚ್ಚಲಿಲ್ಲ. ಬೆರಳು ತಟ್ಟೆಯ ಅಂಚಿನಲ್ಲೇ ತಡೆದು, ಎರಡರಲ್ಲಿ ಚಿಕ್ಕದರ ಕಡೆ ಹೋಯಿತು.

“ದೊಡ್ಡದು ತಗೊಳ್ಳೋ,” ಅಂದಳು ಟೈಲರಮ್ಮ. “ಯಾವಾಗ್ಲೂ ಅದನ್ನೇ ತಗೊಳ್ತಿದ್ದೆ.”

ಅವನು ದೊಡ್ಡದನ್ನು ತಗೊಂಡ. ಅವಳು ತಟ್ಟೆಯನ್ನು ಅವನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿ, ಮೆಟ್ಟಿಲಿನ ಮೇಲೆ ಅವನ ಎಡಗಡೆ ಕೂತಳು. ನಿಯಮದ ಪ್ರಕಾರ ಈಗ ಅವನು ಹಿಡಿಯಬೇಕು. ಹಿಡಿದ. ಉಳಿದದ್ದನ್ನು ಅವಳು ಎತ್ತಿಕೊಂಡಳು. ಹಂಚುವುದು ಮುಗಿಯಿತೆಂದುಕೊಂಡು ಒಳಗೆ ಯಾರೋ ಫ್ಯಾನುಗಳನ್ನು ಹಾಕಿದರು.